ನಮ್ಮೂರಿಗೆ ಇಂಗ್ಲಿಷು ಬಂದ ಎರಡು ದಾರಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಮಿತ್ರರು ಕೇಳಿದರು. ಶಾಲೆ ಹುಟ್ಟಿದ ಬಗೆ, ಕಟ್ಟಡಕ್ಕೆ ನೆರವಾದವರು, ಪಾಠ ಹೇಳಿದ ಗುರುಗಳು, ಆಟೋಟದ ಬಹುಮಾನಗಳು ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಅವರೇ ಬರೆಯುವುದು ಸರಿ. ಇದೇ ಶಾಲೆಯಲ್ಲಿ ಓದಿ, ಮುಂದೆ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಆದ್ದರಿಂದ ಆ ಒಂದು ವಿಷಯದ ಚರಿತ್ರೆಯನ್ನು ಮಾತ್ರ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹಳ್ಳಿಯ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, "ಇಂಗ್ಲಿಷಲ್ಲಿ ಎಷ್ಟು ಬಂತು?" ಎಂಬುದು. ಈ ಒಂದು ವಿಷಯದಲ್ಲಿ ನಾಲ್ಕಾರು ಅಂಕ ಕಡಿಮೆಯಾದದ್ದಕ್ಕೆ ಓದು ನಿಲ್ಲಿಸಿ ಹೊಲಕ್ಕೋ ಗಾರೆ ಕೆಲಸಕ್ಕೋ ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಹಲವರು ಇಂದು ಲೆಕ್ಕಪತ್ರದಲ್ಲಿ, ವ್ಯಾಪಾರದಲ್ಲಿ, ಬೇಸಾಯದಲ್ಲಿ ಬಹಳ ಚುರುಕು. ಬುದ್ಧಿಗೆ ಕೊರತೆ ಇರಲಿಲ್ಲ. ಹಾಗಾದರೆ ಇಂಗ್ಲಿಷು ಮಾತ್ರ ಏಕೆ ಕೈಗೆ ಹತ್ತಲಿಲ್ಲ? ಅದರ ಕಾರಣವನ್ನು ಮಕ್ಕಳ ತಲೆಯಲ್ಲಿ ಹುಡುಕುವುದಕ್ಕಿಂತ ಈ ಭಾಷೆ ನಮ್ಮ ಕಡೆಗೆ ಬಂದ ರೀತಿಯಲ್ಲಿ ಹುಡುಕಬೇಕು ಎಂಬುದು ಇಷ್ಟು ವರ್ಷದ ಪಾಠದಿಂದ ನನಗೆ ತಿಳಿದುಬಂದ ಮಾತು.

ನಮ್ಮಂಥ ಊರುಗಳಿಗೆ ಇಂಗ್ಲಿಷು ಎರಡು ದಾರಿಯಲ್ಲಿ ಬಂತು. ಒಂದು ಬಾಯಿಯ ದಾರಿ, ಇನ್ನೊಂದು ಪುಸ್ತಕದ ದಾರಿ. ಈ ಎರಡೂ ದಾರಿಗಳು ತರಗತಿಯ ಒಳಗೆ ಬಹುಕಾಲ ಒಂದನ್ನೊಂದು ಕೂಡಲೇ ಇಲ್ಲ.

ಬಾಯಿಯ ದಾರಿ

ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರುಗಳ ಮೇಲೆ ಹರಿಹರದ ಕಡೆಗೆ ರೈಲು ಹಾದಿ ಬಂದದ್ದು 1880ರ ದಶಕದಲ್ಲಿ. ಆ ಹಾದಿ ನಮ್ಮ ಹೊಳಲ್ಕೆರೆ ತಾಲ್ಲೂಕಿನ ನಡುವೆ ಹಾಯುತ್ತದೆ. ರಾಮಗಿರಿಯ ಹೆಸರಿನಲ್ಲೂ ಒಂದು ಸ್ಟೇಷನ್ನು ಇದೆ. ಇಲ್ಲಿಯ ಜನ ಇಂಗ್ಲಿಷ್ ಅಕ್ಷರ ನೋಡುವ ಮೊದಲೇ ಇಂಗ್ಲಿಷ್ ಮಾತು ಆಡಿದ್ದು ಇಂಥ ಕಡೆಗಳಲ್ಲಿ. ರೈಲು, ಸ್ಟೇಷನ್ನು, ಟಿಕೀಟು, ಗಾರ್ಡು, ಸಿಗ್ನಲ್ಲು, ಲಗೇಜು, ಗೂಡ್ಸು. ತಾಲ್ಲೂಕು ಕಚೇರಿಯಿಂದ ಕೋರ್ಟು, ಕೇಸು, ಅಪೀಲು, ನೋಟೀಸು, ಜಾಮೀನಿನ ಜೊತೆಗೆ ವಾರಂಟು ಬಂದವು. ದವಾಖಾನೆಯಿಂದ ಡಾಕ್ಟರು, ನರ್ಸು, ಇಂಜಕ್ಷನ್ನು ಬಂದವು. ಲ್ಯಾಂಟರ್ನ್ ಎಂಬುದು ನಮ್ಮ ಅಜ್ಜಿಯರ ಬಾಯಲ್ಲಿ ಲಾಂದ್ರವಾಯಿತು, ಹಾಸ್ಪಿಟಲ್ ಎಂಬುದು ಆಸ್ಪತ್ರೆಯಾಯಿತು. ಇವು ಹೊರಗಿನಿಂದ ಬಂದ ಪದಗಳೆಂಬ ನೆನಪೂ ಈಗ ಯಾರಿಗೂ ಇಲ್ಲ.

ಹೊಲಕ್ಕೆ ವಿದ್ಯುತ್ತು ಬಂದ ಮೇಲೆ ಈ ಪದಗಳ ರಾಶಿ ಇನ್ನಷ್ಟು ಬೆಳೆಯಿತು. ಬೋರು, ಕೇಸಿಂಗು, ಮೋಟರು, ಸ್ಟಾರ್ಟರು, ಕೇಬಲ್ಲು, ಫೇಸು, ಫ್ಯೂಸು, ವೈಂಡಿಂಗು, ಪೈಪು, ವಾಲ್ವು, ಡ್ರಿಪ್ಪು. ಶಾಲೆಗೆ ಒಂದು ದಿನವೂ ಹೋಗದ ರೈತ ದಿನಕ್ಕೆ ಇಂಥ ನೂರು ಪದಗಳನ್ನು ಸರಿಯಾದ ಜಾಗದಲ್ಲಿ ಬಳಸುತ್ತಾನೆ.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಮ್ಮವರು ಈ ಪದಗಳನ್ನು ಬಂದ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಬಸ್ ಎಂಬ ಪದ ವ್ಯಂಜನದಲ್ಲಿ ಮುಗಿಯುತ್ತದೆ. ಕನ್ನಡದ ಬಾಯಿಗೆ ಅದು ಹೊಂದದು. ಅದಕ್ಕೊಂದು ಉಕಾರ ಸೇರಿಸಿ ಬಸ್ಸು ಮಾಡಿದರು. ಆಮೇಲೆ ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ, ಬಸ್ಸಿನ, ಬಸ್ಸಿನಲ್ಲಿ ಎಂದು ಎಲ್ಲ ವಿಭಕ್ತಿಗಳನ್ನೂ ಹಚ್ಚಿದರು. ಕ್ರಿಯಾಪದ ಬೇಕಾದಾಗ ಮಾಡು, ಆಗು ಸೇರಿಸಿದರು: ಫೋನು ಮಾಡು, ಆನ್ ಮಾಡು, ಟೈಟಾಯಿತು, ಲೇಟಾಯಿತು. ಯಾವ ಮೇಷ್ಟರೂ ಇದನ್ನು ಹೇಳಿಕೊಡಲಿಲ್ಲ. ಪದ ಯಾವುದಾದರೂ ವ್ಯಾಕರಣ ತಮ್ಮದೇ ಎಂಬ ವಿವೇಕ ಜನರಲ್ಲಿ ಸಹಜವಾಗಿಯೇ ಇತ್ತು. ಹೀಗೆ ಬೆರೆತ ಪದಗಳಿಗಾಗಿಯೇ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳ ಕೋಶವನ್ನು ಮಾಡಿದರು.

ಪುಸ್ತಕದ ದಾರಿ

ಇನ್ನೊಂದು ದಾರಿ ಮೇಲಿನಿಂದ ಕೆಳಕ್ಕೆ ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. 1835ರಲ್ಲಿ ಕಲ್ಕತ್ತೆಯಲ್ಲಿ ಮೆಕಾಲೆಯ ಟಿಪ್ಪಣಿ ಹೊರಬಿತ್ತು. ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೆ ಹೋಗಬೇಕೆಂಬುದು ಅದರ ಸಾರ. 1844ರಲ್ಲಿ ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂಬ ಆಜ್ಞೆಯಾಯಿತು. ಅಂದಿನಿಂದ ಇಂಗ್ಲಿಷು ಎಂದರೆ ನೌಕರಿ ಎಂಬ ಗಂಟು ಬಿದ್ದದ್ದು ಇಂದಿಗೂ ಬಿಚ್ಚಿಲ್ಲ.

ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆ ಆರಂಭವಾದದ್ದು 1857ರಲ್ಲಿ. ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರಲ್ಲಿ ಬಂತು. ಅದನ್ನು ರೂಪಿಸಿದವರು ಬಿ. ಎಲ್. ರೈಸ್. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದವರೂ ಇವರೇ. ಹೋಬಳಿ ಶಾಲೆಗಳಲ್ಲಿ ಪಾಠವೆಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಇಂಗ್ಲಿಷು ಬೇಕೆಂದವರು ದೊಡ್ಡ ಊರಿನ ಎ.ವಿ. ಸ್ಕೂಲಿಗೆ, ಅಂದರೆ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಹೋಗಬೇಕಿತ್ತು. ಅಲ್ಲಿಂದ ಮುಂದೆ ಹೈಸ್ಕೂಲಿನಲ್ಲಿ ಗಣಿತ, ಚರಿತ್ರೆಗಳೂ ಇಂಗ್ಲಿಷಿನಲ್ಲೇ. ಹೋಬಳಿಯ ಹುಡುಗನಿಗೂ ಆ ಹೈಸ್ಕೂಲಿಗೂ ನಡುವೆ ದೊಡ್ಡ ಕಂದಕವಿತ್ತು. ಹಾಸ್ಟೆಲ್ಲೋ ವಾರಾನ್ನವೋ ನೆಂಟರ ಮನೆಯೋ ಸಿಕ್ಕವರು ಮಾತ್ರ ಅದನ್ನು ದಾಟಿದರು. ನಮ್ಮಂಥ ಹೋಬಳಿಗಳಲ್ಲೇ ಸರ್ಕಾರಿ ಹೈಸ್ಕೂಲು ತೆರೆದದ್ದು ಏಕೆ ದೊಡ್ಡ ಸಂಗತಿ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಆ ಕಾಲದ ಇಂಗ್ಲಿಷ್ ಪಾಠ ಎಂದರೆ ವ್ಯಾಕರಣ ಮತ್ತು ಭಾಷಾಂತರ. ಮೊದಲು ನಿಯಮ ಬಾಯಿಪಾಠ, ಆಮೇಲೆ ಉದಾಹರಣೆ, ಆಮೇಲೆ ವಾಕ್ಯವನ್ನು ಬಿಡಿಸಿ ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಹೇಳುವುದು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಈ ಪದ್ಧತಿಯ ದೊಡ್ಡ ಕೈಪಿಡಿಯಾಯಿತು. ಅದು ಮೊದಲು ಬರೆದದ್ದು ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಎನ್ನುತ್ತಾರೆ. ಮನೆಯಲ್ಲಿ ಇಂಗ್ಲಿಷು ಆಡುವ ಮಗುವಿಗೆ ಬರುವ ಭಾಷೆಯನ್ನು ತಿದ್ದಿ ಒಪ್ಪ ಮಾಡುವ ಪುಸ್ತಕ ಅದು. ಬರದ ಭಾಷೆಯನ್ನು ಬರಿಸುವ ಕೆಲಸಕ್ಕೆ ಅದನ್ನೇ ಹಿಡಿದದ್ದರಿಂದ ನಮ್ಮ ಹುಡುಗರು ಟೆನ್ಸುಗಳ ಹೆಸರು ಹನ್ನೆರಡನ್ನೂ ಒಪ್ಪಿಸುತ್ತಿದ್ದರು, "ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂಬುದನ್ನು ಇಂಗ್ಲಿಷಿನಲ್ಲಿ ಕೇಳಲು ಬರುತ್ತಿರಲಿಲ್ಲ.

ಇದೇ ದಾರಿಯಲ್ಲಿ ಒಳ್ಳೆಯದೂ ಬಂತು. ನೆರೆಯ ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದರು. ಮಂಗಳೂರಿನಿಂದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ದಾರಿ ಮಾಡಿದರು. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಎರಡೂ ಒಲಿದವು ಎಂಬುದಕ್ಕೆ ಇವೆಲ್ಲ ಸಾಕ್ಷಿ. ಆದರೆ ಪಕ್ಕಪಕ್ಕ ಇಟ್ಟು ನೋಡುವ ಈ ಗುಣ ಹಳ್ಳಿಯ ತರಗತಿಯವರೆಗೆ ಇಳಿಯಲಿಲ್ಲ.

ಎಷ್ಟು ಪದ ಸಾಕು?

ಪದಗಳ ವಿಷಯದಲ್ಲಿ ಮೊದಲು ಲೆಕ್ಕ ಹಾಕಿ ಯೋಚಿಸಿದವರಲ್ಲಿ ಮೈಕಲ್ ವೆಸ್ಟ್ ಒಬ್ಬರು. 1920ರ ದಶಕದಲ್ಲಿ ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಅವರು ಬಂಗಾಳಿ ಮಕ್ಕಳ ಪಠ್ಯಪುಸ್ತಕಗಳನ್ನು ಪರೀಕ್ಷಿಸಿದರು. ಅಪರೂಪದ ಪದಗಳು ಗುಂಪು ಗುಂಪಾಗಿ ತುಂಬಿ, ದಿನನಿತ್ಯ ಬೇಕಾದ ಪದಗಳು ಮರಳಿ ಮರಳಿ ಬರದೆ ಇದ್ದುದರಿಂದ ಮಕ್ಕಳು ಸೋಲುತ್ತಿದ್ದಾರೆಂದು ಅವರು ಕಂಡುಕೊಂಡರು. ಹೊಸ ಪದಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಕೊಟ್ಟದ್ದನ್ನು ಮತ್ತೆ ಮತ್ತೆ ತರುವ ವಾಚಕಗಳನ್ನು ಬರೆದರು. 1953ರಲ್ಲಿ ಅವರು ಪ್ರಕಟಿಸಿದ ಸಾಮಾನ್ಯ ಬಳಕೆಯ ಪದಪಟ್ಟಿಯಲ್ಲಿ ಸುಮಾರು 2,000 ಪದಗಳಿವೆ. ಅಷ್ಟನ್ನು ಚೆನ್ನಾಗಿ ಬಲ್ಲವನು ಸಾಮಾನ್ಯ ಬರವಣಿಗೆಯ ಬಹುಪಾಲನ್ನು ಓದಿ ತಿಳಿಯಬಲ್ಲ.

ಈ 2,000ದ ಸಂಖ್ಯೆಯನ್ನು ನಾನು ಪ್ರತಿವರ್ಷ ಎಂಟನೇ ತರಗತಿಯವರಿಗೆ ಹೇಳುತ್ತಿದ್ದೆ. ದಿನಕ್ಕೆ 5 ಪದ, ವರ್ಷಕ್ಕೆ ಶಾಲೆಯ ದಿನಗಳು 200 ಎಂದಿಟ್ಟುಕೊಂಡರೂ 1,000 ಪದ. ಎರಡು ವರ್ಷಕ್ಕೆ 2,000. ಹತ್ತನೇ ತರಗತಿ ಪೂರ್ತಿ ಅವನ್ನು ಬಳಸುವುದಕ್ಕೆ ಉಳಿಯುತ್ತದೆ. ಬೆಟ್ಟದಷ್ಟು ಎಂದು ಹೆದರಿದ್ದ ಭಾಷೆ ದಿನಕ್ಕೆ 5 ಪದದ ಲೆಕ್ಕಕ್ಕೆ ಇಳಿದಾಗ ಮಕ್ಕಳ ಮುಖ ಬದಲಾಗುತ್ತಿತ್ತು.

ಸ್ವಾತಂತ್ರ್ಯದ ನಂತರ ಇಂಗ್ಲಿಷ್ ಕಲಿಸುವ ಬಗೆಯನ್ನೇ ಬದಲಿಸುವ ಯತ್ನ ನಡೆಯಿತು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಅಲ್ಲಿ ತರಬೇತಿ ಪಡೆದ ಶಿಕ್ಷಕರು ವಾಕ್ಯರಚನೆಗಳನ್ನು ಒಂದೊಂದಾಗಿ ಮೆಟ್ಟಿಲಿನಂತೆ ಕಲಿಸುವ ಪದ್ಧತಿಯನ್ನು ತಂದರು. "ದಿಸ್ ಈಸ್ ಎ ಪೆನ್, ದಟ್ ಈಸ್ ಎ ಡೋರ್" ಎಂದು ನಾವೆಲ್ಲ ಒಟ್ಟಾಗಿ ಕೂಗಿದ್ದು ಈ ಪದ್ಧತಿಯ ಫಲ. ನಿಯಮ ಒಪ್ಪಿಸುವುದಕ್ಕಿಂತ ಇದು ಮೇಲು, ಬಾಯಾದರೂ ತೆರೆಯಿತು. ಆದರೆ ಅದು ಪೆನ್ನೆಂದು ಎಲ್ಲರಿಗೂ ಕಾಣುತ್ತಿತ್ತು. ಯಾರಿಗೂ ಬೇಕಿಲ್ಲದ ಸುದ್ದಿಯನ್ನು ನಲವತ್ತು ಜನ ಕೂಗುತ್ತಿದ್ದೆವು. ಹೇಳಲು ವಿಷಯವಿಲ್ಲದ ಕಡೆ ಭಾಷೆ ನೆಲೆ ನಿಲ್ಲುವುದಿಲ್ಲ.

ಗೋಕಾಕರ ವರದಿ ಮತ್ತು ಬೆಂಗಳೂರಿನ ಪ್ರಯೋಗ

ನಮ್ಮ ಶಾಲೆಯ ಐವತ್ತು ವರ್ಷಗಳ ಒಳಗೆ ನಾಡಿನಲ್ಲಿ ಭಾಷೆಯ ಬಗ್ಗೆ ಎರಡು ದೊಡ್ಡ ಸಂಗತಿಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ನಡೆದವು.

ಮೊದಲನೆಯದು ಎಲ್ಲರಿಗೂ ಗೊತ್ತು. 1980ರಲ್ಲಿ ಪ್ರೊ. ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಅದು ವರದಿ ಕೊಟ್ಟಿತು. 1982ರಲ್ಲಿ ಡಾ. ರಾಜಕುಮಾರ್ ಅವರು ಮುಂದೆ ನಿಂತ ಮೇಲೆ ಚಳವಳಿ ಹಳ್ಳಿಹಳ್ಳಿಗೂ ಮುಟ್ಟಿತು. ಆದರೆ ಅನೇಕರಿಗೆ ಗೊತ್ತಿಲ್ಲದ ಮಾತೊಂದಿದೆ. ಗೋಕಾಕರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. ಈಗ ತಾನೇ ಹೇಳಿದ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವುದು ಹೇಗೆಂದು ಯೋಚಿಸಿದವರೇ ಕನ್ನಡ ಮೊದಲು ಎಂದರು. ಇದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಬುನಾದಿ ಗಟ್ಟಿಯಾದ ಮನೆಯ ಮೇಲೆ ಮಾತ್ರ ಮಾಳಿಗೆ ಕಟ್ಟಬಹುದು.

ಎರಡನೆಯದು ಪತ್ರಿಕೆಗಳಲ್ಲಿ ಅಷ್ಟು ಸದ್ದು ಮಾಡಲಿಲ್ಲ. 1979ರಿಂದ 1984ರವರೆಗೆ ಪ್ರೊ. ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಇಂಗ್ಲಿಷ್ ಶಿಕ್ಷಕರು ಇದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣದ ಪಾಠವೆಂದು ಬೇರೆ ಇಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿ ಇಡುವುದು. ಈ ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ? ಎಷ್ಟು ಹೊತ್ತು ಓಡುತ್ತದೆ? ಯಾವ ಗಾಡಿ ಬೇಗ ಮುಟ್ಟುತ್ತದೆ? ಹೀಗೆ ಲೆಕ್ಕ ಬಿಡಿಸುತ್ತ ಹೋಗುವುದು. ನಕ್ಷೆ, ಕ್ಯಾಲೆಂಡರು, ಶಾಲೆಯ ವೇಳಾಪಟ್ಟಿ ಎಲ್ಲವೂ ಪಾಠವೇ. ಮಗುವಿನ ಗಮನ ಲೆಕ್ಕದ ಮೇಲಿದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಬರೆದ ಪುಸ್ತಕವನ್ನು ಇಂದಿಗೂ ಬಿ.ಇಡಿ., ಎಂ.ಎ. ವಿದ್ಯಾರ್ಥಿಗಳು ಓದುತ್ತಾರೆ. ಪ್ರಯೋಗದ ಫಲಿತಾಂಶ ಪರೀಕ್ಷಿಸಿದವರು ಎಚ್ಚರಿಕೆಯಿಂದ ಮೆಚ್ಚಿದರು. ಪೂರ್ಣ ಗೆಲುವೆಂದು ಹೇಳಲಿಲ್ಲ. ನನ್ನ ಅನುಭವವೂ ಅದೇ. ಕೆಲಸದ ಮೂಲಕ ಕಲಿಸಬೇಕು. ಎಡವುವ ಜಾಗದಲ್ಲಿ ನಿಂತು ವ್ಯಾಕರಣವನ್ನೂ ಹೇಳಬೇಕು. ಅದನ್ನು ಕನ್ನಡದ ಬೆಳಕಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ.

ಮನೆಯ ಪದ, ಶಾಲೆಯ ವಾಕ್ಯ

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎರಡು ದಾರಿಗಳು ಕೂಡುವುದು ಇಲ್ಲಿಯೇ.

ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಹಿರಿಯರು ಆಡುವ ಇಂಗ್ಲಿಷ್ ಪದಗಳನ್ನು ಬರೆದು ತನ್ನಿ ಎಂದೆ. "ನಮ್ಮನೇಲಿ ಯಾರಿಗೂ ಇಂಗ್ಲಿಷ್ ಬರಲ್ಲ ಸಾರ್" ಎಂದರು. ಮರುದಿನ ಒಬ್ಬೊಬ್ಬರೂ ಮೂವತ್ತು ನಲವತ್ತು ಪದ ತಂದರು. ಅದರಲ್ಲಿ ಟಿ.ಸಿ. ಎಂಬ ಪದ ಹಲವರ ಪಟ್ಟಿಯಲ್ಲಿತ್ತು. ಹೊಲದ ಕಡೆ "ಟೀಸಿ ಸುಟ್ಟೈತೆ" ಎಂದರೆ ಟ್ರಾನ್ಸ್‌ಫಾರ್ಮರು; ಶಾಲೆಯಲ್ಲಿ ಟಿ.ಸಿ. ಎಂದರೆ ವರ್ಗಾವಣೆ ಪತ್ರ, ರೈಲಿನಲ್ಲಿ ಟಿ.ಸಿ. ಎಂದರೆ ಟಿಕೀಟು ನೋಡುವವರು. ಟ್ರಾನ್ಸ್‌ಫರ್ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು, ಟ್ರಾನ್ಸ್‌ಫಾರ್ಮ್ ಎಂದರೆ ರೂಪ ಬದಲಾಗುವುದು ಎಂದು ಬಿಡಿಸಿದೆವು. ಒಂದು ಗಂಟೆಯ ಪಾಠ ಅದರಲ್ಲೇ ಆಯಿತು, ಯಾರೂ ಆಕಳಿಸಲಿಲ್ಲ.

ಸ್ಟಾರ್ಟರ್ ಪದ ಬಂತು. ಸ್ಟಾರ್ಟ್ ಮಾಡುವುದು ಸ್ಟಾರ್ಟರ್, ಡ್ರೈವ್ ಮಾಡುವವನು ಡ್ರೈವರ್, ಫಾರ್ಮ್ ಮಾಡುವವನು ಫಾರ್ಮರ್. ನಮ್ಮಲ್ಲಿ ಮಾತುಗಾರ, ಬೇಟೆಗಾರ, ಹಾಡುಗಾರ ಎಂಬಲ್ಲಿ ಗಾರ ಸೇರುವಂತೆ ಅಲ್ಲಿ ಅರ್ ಸೇರುತ್ತದೆ. ಆದರೆ ಅವರಲ್ಲಿ ಅದು ಯಂತ್ರಕ್ಕೂ ಸಲ್ಲುತ್ತದೆ. ಇಷ್ಟು ಹೇಳಿದರೆ ಟೀಚರ್, ಸಿಂಗರ್, ಮಿಕ್ಸರ್, ಕುಕ್ಕರ್ ಎಂದು ಮಕ್ಕಳೇ ಮುಂದುವರಿಸಿದರು. ಕುಕ್ಕರ್ ಅಡುಗೆ ಮಾಡುವವರಲ್ಲ, ಪಾತ್ರೆ. ಮಾಡುವವರು ಕುಕ್ ಎಂದಾಗ ನಕ್ಕರು. ನಕ್ಕು ಕಲಿತದ್ದು ಮರೆಯುವುದಿಲ್ಲ.

ಪದದಿಂದ ವಾಕ್ಯಕ್ಕೆ ಬಂದಾಗ ನಮ್ಮ ಮಕ್ಕಳು ಎಡವುವ ಜಾಗಗಳು ಬಹುಮಟ್ಟಿಗೆ ಒಂದೇ. "ಮುಂಗುಸಿ ಹಾವನ್ನು ಕೊಂದಿತು" ಎನ್ನಬಹುದು, "ಹಾವನ್ನು ಮುಂಗುಸಿ ಕೊಂದಿತು" ಎಂದರೂ ಸತ್ತದ್ದು ಹಾವೇ. ನಮ್ಮ 'ಅನ್ನು' ಪ್ರತ್ಯಯ ಆ ಕಾವಲು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. ಪದ ನಿಂತ ಜಾಗವೇ ಪ್ರತ್ಯಯ. ಜಾಗ ಬದಲಿಸಿದರೆ ಹಾವೇ ಮುಂಗುಸಿಯನ್ನು ಕೊಲ್ಲುತ್ತದೆ. ಇದನ್ನು ಒಮ್ಮೆ ಕಂಡ ಮಗು ವಾಕ್ಯದ ಕ್ರಮವನ್ನು ತಪ್ಪುವುದು ಅಪರೂಪ.

ಸ್ಟೇಷನ್ನಿಗೆ, ಮೇಜಿನ ಮೇಲೆ ಎಂದು ನಾವು ಪದದ ಹಿಂದೆ ಹಚ್ಚುವುದನ್ನು ಅವರು ಟು ದಿ ಸ್ಟೇಷನ್, ಆನ್ ದಿ ಟೇಬಲ್ ಎಂದು ಮುಂದೆ ಇಡುತ್ತಾರೆ. "ನನಗೆ ಜ್ವರ ಬಂದಿದೆ" ಎಂಬಲ್ಲಿ ನಮ್ಮ ಕರ್ತೃ ಜ್ವರ. ಇಂಗ್ಲಿಷಿನಲ್ಲಿ "ಐ ಹ್ಯಾವ್ ಎ ಫೀವರ್" ಎಂದು ನಾನೇ ಕರ್ತೃವಾಗಬೇಕು. "ಬಂದೆಯಾ?" ಎಂದು ನಾವು ಒಂದು 'ಆ' ಹಚ್ಚಿ ಮುಗಿಸುವ ಪ್ರಶ್ನೆಗೆ ಅವರು ಡಿಡ್ ತರುತ್ತಾರೆ, ಹಿಂದಿನ ಕಾಲವನ್ನು ಆ ಡಿಡ್ ಹೊತ್ತುಕೊಂಡ ಮೇಲೆ ಕೇಮ್ ಮರಳಿ ಕಮ್ ಆಗುತ್ತದೆ. ಒಂದು ಹೊರೆಯನ್ನು ಇಬ್ಬರು ಹೊರಬೇಕಿಲ್ಲ ಎಂದರೆ ಹೊಲದ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಎ ಮತ್ತು ದಿ ನಮ್ಮಲ್ಲಿಲ್ಲವೆಂದು ವ್ಯಾಕರಣ ಪುಸ್ತಕ ಹೇಳುತ್ತದೆ. ಆದರೆ ನಮ್ಮ ಅಜ್ಜಿಯರು ಕತೆ ಹೇಳುವುದು ಹೇಗೆ? ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ. ಮೊದಲ ಸಲ ಬಂದಾಗ ಒಬ್ಬ, ಪರಿಚಯವಾದ ಮೇಲೆ ಆ. ಎ ಮತ್ತು ದಿ ಮಾಡುವ ಮುಖ್ಯ ಕೆಲಸವೂ ಇದೇ. ಇನ್ನು ಕೆಲವು ಕಡೆ ನಮ್ಮ ಭಾಷೆಯೇ ಶ್ರೀಮಂತ. "ನೀನು ನಿಮ್ಮಪ್ಪನಿಗೆ ಎಷ್ಟನೆಯ ಮಗ?" ಎಂಬ ಸರಳ ಪ್ರಶ್ನೆಯ ಎಷ್ಟನೆಯ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರ ಪದವಿಲ್ಲ, ನೀನು, ನೀವು ಎರಡಕ್ಕೂ ಅವರಲ್ಲಿ ಯು ಒಂದೇ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತಿ ಕೂರುತ್ತಿದ್ದರು. ತನ್ನ ಭಾಷೆ ಕೀಳೆಂಬ ಭಾವ ಹೋದ ಮೇಲೆ ಇನ್ನೊಂದು ಭಾಷೆಯ ಹೆದರಿಕೆಯೂ ಹೋಗುತ್ತದೆ.

ಈಗಿನ ಹೊತ್ತು

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬಹಳ ಕಾಲ ಐದನೇ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007ರಿಂದ ಒಂದನೇ ತರಗತಿಗೇ ಬಂತು. ಮಾತೃಭಾಷೆಯ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. 2019ರಲ್ಲಿ ಸುಮಾರು 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಬೆಳಿಗ್ಗೆ ಎಂಟು ಗಂಟೆಗೆ ಹಳ್ಳಿಯ ರಸ್ತೆಯಲ್ಲಿ ನಿಂತರೆ ಮಕ್ಕಳನ್ನು ತುಂಬಿಕೊಂಡು ಪಟ್ಟಣಕ್ಕೆ ಹೋಗುವ ಹಳದಿ ವ್ಯಾನುಗಳು ಕಾಣುತ್ತವೆ. ಅಡಿಕೆ ಮಾರಿದ ದುಡ್ಡು, ಹಾಲಿನ ಡೇರಿಯ ದುಡ್ಡು ಆ ಫೀಸಿಗೆ ಹೋಗುತ್ತದೆ. ತಂದೆತಾಯಿಗಳನ್ನು ನಾನು ದೂರುವುದಿಲ್ಲ. ತಮಗೆ ಮುಚ್ಚಿದ್ದ ಬಾಗಿಲು ಮಕ್ಕಳಿಗಾದರೂ ತೆರೆಯಲಿ ಎಂಬ ಆಸೆ ಅದು.

ಆದರೆ ಮಾಧ್ಯಮ ಬದಲಾದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ವಿಜ್ಞಾನದ ಉತ್ತರವನ್ನು ಅರ್ಥವಾಗದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವ ಮಗು ಇಂಗ್ಲಿಷನ್ನೂ ಕಲಿಯಲಿಲ್ಲ, ವಿಜ್ಞಾನವನ್ನೂ ಕಲಿಯಲಿಲ್ಲ. ಹಳೆಯ ಕಾಲದ ನಿಯಮ ಒಪ್ಪಿಸುವ ಪಾಠವೇ ಹೊಸ ಸಮವಸ್ತ್ರ ತೊಟ್ಟು ಬಂದಂತೆ ಅದು. ಸರ್ಕಾರಿ ಪ್ರೌಢಶಾಲೆಗಳು ಉಳಿಯುವುದೂ ಮುಚ್ಚುವುದೂ ಈಗ ಈ ಒಂದು ವಿಷಯದ ಮೇಲೆ ನಿಂತಂತಿದೆ. ಕನ್ನಡದಲ್ಲಿ ಚೆನ್ನಾಗಿ ಓದಿ, ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡುವ ಹತ್ತು ಮಕ್ಕಳನ್ನು ಒಂದು ಶಾಲೆ ವರ್ಷಕ್ಕೆ ತೋರಿಸಿದರೆ ವ್ಯಾನುಗಳು ತಾವಾಗಿ ಕಡಿಮೆಯಾಗುತ್ತವೆ.

ಅದಕ್ಕೆ ನನ್ನದೊಂದು ಸಲಹೆ. ಈ ಮಹೋತ್ಸವದ ನೆನಪಿಗೆ ನಮ್ಮ ಶಾಲೆಯ ಮಕ್ಕಳೇ ಒಂದು ಊರಿನ ಪದಪುಸ್ತಕ ಮಾಡಲಿ. ಹೊಲ, ಮನೆ, ಅಂಗಡಿ, ಡೇರಿ, ಸ್ಟೇಷನ್ನು, ಆಸ್ಪತ್ರೆ, ಬ್ಯಾಂಕು, ಕರಿಸಿದ್ದೇಶ್ವರ ಸ್ವಾಮಿಯ ಬೆಟ್ಟ ಎಂದು ಭಾಗ ಮಾಡಿಕೊಂಡು, ಅಲ್ಲಿ ಜನ ಆಡುವ ಇಂಗ್ಲಿಷ್ ಪದಗಳನ್ನೂ, ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ತಿಳಿಯದ ಕನ್ನಡ ಪದಗಳನ್ನೂ ಬರೆದು ತರಲಿ. ಒಂದೊಂದು ಪದಕ್ಕೆ ಒಂದು ಕನ್ನಡ ವಾಕ್ಯ, ಒಂದು ಇಂಗ್ಲಿಷ್ ವಾಕ್ಯ. ಮೋಟರು ರಿಪೇರಿ ಮಾಡುವವರು, ನರ್ಸಮ್ಮ, ಬಸ್ ಕಂಡಕ್ಟರು, ಬೆಂಗಳೂರಿನ ಕಂಪನಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಎಲ್ಲರೂ ಇದಕ್ಕೆ ಗುರುಗಳಾಗಬಹುದು. ಶಿಕ್ಷಕರು ತಿದ್ದಲಿ. ದೊಡ್ಡ ಖರ್ಚೇನಿಲ್ಲ, ನೂರು ಪುಟದ ಒಂದು ನೋಟುಬುಕ್ಕು ಸಾಕು. ಪ್ರತಿವರ್ಷ ಎಂಟನೇ ತರಗತಿಗೆ ಬರುವ ಮಕ್ಕಳು ಅದಕ್ಕೆ ಹೊಸ ಪುಟ ಸೇರಿಸುತ್ತ ಹೋಗಲಿ. ನೋಟುಬುಕ್ಕಿನ ಮೊದಲ ಖರ್ಚು ನನ್ನದು; ವಾರಕ್ಕೆ ಒಂದು ದಿನ ಬಂದು ಮಕ್ಕಳ ಜೊತೆ ಕೂರಲೂ ನಾನು ಸಿದ್ಧನಿದ್ದೇನೆ.